ಸೋಮಾರಿ ಮೂಲೆಯ ಭತ್ತ

ಮೇ 12
ಮಗಳ ಮನೆ, ನಾಲ್ಕನೇ ಮಹಡಿ

ಮೊಂಡಿ ಮಗಳೇ,

ಬಂದು ಸೇರಿದೆ. ದೋಣಿಯಲ್ಲಿ ಸೊಂಟ ಹಿಡಿಯಿತು, ಮೆಟ್ಟಿಲಲ್ಲಿ ಉಸಿರು ಹಿಡಿಯಿತು. ನಿನ್ನ ಅಕ್ಕ ಪ್ರತಿ ಮಹಡಿಯಲ್ಲೂ ಒಂದು ಕುರ್ಚಿ ಇಡಿಸಿದ್ದಳು, ಪ್ರತಿಯೊಂದರಲ್ಲೂ ಕೂತು ಎದ್ದು ಬಂದೆ. ಎರಡೂ ಮೊಣಕಾಲು ಸವೆದಿವೆ, ಒಂದಾದ ಮೇಲೊಂದು ಬದಲಾಯಿಸಬೇಕು, ವರ್ಷ ಹಿಡಿಯುತ್ತದೆ ಎಂದು ಡಾಕ್ಟರು ಹೇಳಿದರು. ಆಮೇಲೆ ಗದ್ದೆಯಲ್ಲಿ ಮೊಣಕಾಲೂರಿ ಕೂರಬಹುದೇ ಎಂದು ಕೇಳಿದೆ. ನಕ್ಕರು. ಉತ್ತರ ಕೊಡಲಿಲ್ಲವೋ, ಕೊಟ್ಟದ್ದು ನನಗೆ ಕೇಳಿಸಲಿಲ್ಲವೋ ಗೊತ್ತಿಲ್ಲ.

ಫೋನಿನ ಸಹವಾಸ ಸಾಕು. ನಿನ್ನೆ ನೀನು ಪಂಪು ಕೆಟ್ಟಿದೆ ಎಂದೆಯಂತೆ, ನಾನು ಬಹಳ ಸಂತೋಷ ಎಂದೆನಂತೆ. ನಿನ್ನ ಅಕ್ಕ ಇಡೀ ದಿನ ಹೊಲಿಗೆ ಯಂತ್ರದ ಮುಂದೆ ಕೂತು ಅದನ್ನೇ ನೆನೆದು ನಕ್ಕಳು. ಇನ್ನು ಮೇಲೆ ಕಾಗದ ಬರಿ. ದೋಣಿ ಮೇಸ್ತ್ರಿ ವಾರಕ್ಕೊಮ್ಮೆ ಈ ಬಂದರಿಗೆ ಬರುತ್ತಾನೆ, ಅವನ ಕೈಯಲ್ಲಿ ಕೊಟ್ಟುಬಿಡು. ಕಣ್ಣು ಇನ್ನೂ ನನ್ನ ಮಾತು ಕೇಳುತ್ತದೆ.

ಈಗ ಕೆಲಸದ ಮಾತು. ಬೀಜದ ತೆನೆ ಆರಿಸುವ ಕ್ರಮ ನಿನಗೆ ಗೊತ್ತಿದೆ. ಮುಂದೆ ನಡೆಯುವವರು ಆರಿಸಬೇಕು, ಹಿಂದೆ ನಡೆಯುವವರು ಬುಟ್ಟಿ ಹಿಡಿಯಬೇಕು, ಬುಟ್ಟಿ ಹಿಡಿದವರು ಬಾಯಿ ಬಿಡಬಾರದು. ನನ್ನಪ್ಪನ ಹಿಂದೆ ನಾನು ಹಾಗೇ ನಡೆದೆ, ನನ್ನ ಹಿಂದೆ ನೀನು ನಡೆದೆ. ನೀನು ಬಾಯಿ ಮುಚ್ಚಿಕೊಂಡಿದ್ದೆ ಎಂದು ಮಾತ್ರ ಹೇಳಲಾರೆ. ಈ ಸಲ ನಾನೇ ಮುಂದೆ ನಡೆಯುತ್ತಿದ್ದೇನೆ ಎಂದುಕೊಂಡು ಆರಿಸು. ಕೆಳಗದ್ದೆಯಲ್ಲಿ ನಡುಗದ್ದೆಯ ತೆನೆ ಮಾತ್ರ ಬೇಕು. ಉದ್ದ, ತುಂಬು, ಒಂದೇ ಎತ್ತರ. ಬದುವಿನ ಅಂಚಿನದ್ದು ಬೇಡ. ಸುತ್ತಲಿನ ಊರುಗಳವರು ನಮ್ಮ ಬುಟ್ಟಿಯನ್ನು ನಂಬಿ ಬೀಜಕ್ಕೆ ಬರುತ್ತಾರೆ, ನೆನಪಿರಲಿ.

ತೂಬಿನ ಪಕ್ಕದ ಸೋಮಾರಿ ಮೂಲೆಯ ಬಗ್ಗೆ ಮತ್ತೆ ಹೇಳುತ್ತೇನೆ, ಮುಖ ಊದಿಸಿಕೊಳ್ಳಬೇಡ. ಅಲ್ಲಿ ಸಮುದ್ರದ ನೀರು ಜಿನುಗುತ್ತದೆ, ನೇಗಿಲು ಹೂತುಹೋಗುತ್ತದೆ, ಯಾರೂ ಉಳುವುದಿಲ್ಲ, ಯಾರೂ ಬಿತ್ತುವುದಿಲ್ಲ. ಆದರೂ ಪ್ರತಿ ವರ್ಷ ಆ ಕುಳ್ಳ ಭತ್ತ ಕೆಂಪು ಕಾಳು, ಕಾಳಿನ ತುದಿಗೆ ಉದ್ದ ಮೀಸೆ ಸಮೇತ ಹಾಜರು. ಕೈ ತಾಗಿದರೆ ಕಾಳು ಉದುರುತ್ತದೆ. ಕೊಯ್ಲಿಗೆ ಮೊದಲೇ ಅದನ್ನು ಕೊಯ್ದು ಬಾತುಗಳಿಗೆ ಹಾಕು. ಅದರ ಒಂದು ಕಾಳೂ ಬುಟ್ಟಿಗೆ ಬೀಳಕೂಡದು.

ಬೀಜದ ಒಂದು ಡಬ್ಬಿಯನ್ನು ನಾನು ಜೊತೆಗೆ ತಂದಿದ್ದೇನೆ. ಬಟ್ಟೆ ಪೆಟ್ಟಿಗೆಯಲ್ಲಿ ನೋಡಿದ ನಿನ್ನ ಅಕ್ಕ, "ಇಲ್ಲಿ ಎಲ್ಲಿ ಬಿತ್ತುತ್ತೀರಪ್ಪ, ಸ್ನಾನದ ಕೋಣೆಯಲ್ಲಾ?" ಎಂದಳು. ಬಿತ್ತುವುದಕ್ಕಲ್ಲ. ಹತ್ತಿರ ಇರಲಿ ಎಂದು.

ದೊಡ್ಡಪ್ಪ

*

ಜುಲೈ 4
ಗದ್ದೆ ಮನೆ

ದೊಡ್ಡಪ್ಪನಿಗೆ ನಮಸ್ಕಾರ.

ನಾಟಿ ಮುಗಿಯಿತು. ಪಂಪು ರಿಪೇರಿಯಾಯಿತು, ಈಗ ನೀವು ಬಹಳ ಸಂತೋಷ ಎನ್ನಬಹುದು. ಮೊದಲ ಮಳೆ ತಡವಾಗಿ ಬಂತು, ಬಂದ ಮೇಲೆ ಒಂದೇ ಸಮನೆ ಸುರಿಯಿತು. ಸಸಿ ಕೊಚ್ಚಿಹೋಗದ ಹಾಗೆ ಮಡಿಯನ್ನು ಅಂಗಳದ ಎತ್ತರದಲ್ಲಿ ಮಾಡಿದ್ದೆ. ನೀವಿದ್ದಿದ್ದರೆ ಅಂಗಳ ಹಾಳು ಮಾಡಿದೆ ಎಂದು ಬೈಯುತ್ತಿದ್ದಿರಿ. ಸಸಿ ಉಳಿಯಿತು.

ತೂಬಿನವನು ಬಂದು ಹೋದ. ಉಬ್ಬರದ ನೀರು ಎಲ್ಲಿಯವರೆಗೆ ಬರುತ್ತದೆ ಎಂದು ತಿಳಿಯಲು ಅವನ ಅಪ್ಪ ಗೋಡೆಗೆ ಬಣ್ಣದ ಗೆರೆ ಎಳೆದಿದ್ದನಲ್ಲ, ಈ ವರ್ಷ ನೀರು ಅದನ್ನು ದಾಟಿತಂತೆ. ಅವನು ಮೇಲೆ ಇನ್ನೊಂದು ಗೆರೆ ಎಳೆದಿದ್ದಾನೆ. "ಗೆರೆ ಎಳೆಯೋದು ಬಿಟ್ಟು ಒಡ್ಡು ಎತ್ತರಿಸೋ ಕೆಲಸ ನೋಡೋಣ" ಎಂದೆ. ಎಲ್ಲರೂ ಸೇರಿದರೆ ನೋಡೋಣ ಎಂದ. ಎಲ್ಲರೂ ಸೇರುವುದು ಯಾವಾಗ ಎಂದು ನಿಮಗೂ ಗೊತ್ತು.

ಬೀಜದ ಕಚೇರಿಯ ಮೇಡಂ ಸಹ ಬಂದಿದ್ದರು. ನೀರಿನ ಉಪ್ಪು ಅಳೆಯುವ ಪುಟ್ಟ ಮೀಟರು ಅವರ ಹತ್ತಿರ ಇದೆ. ಕಾಲುವೆ, ಬಾವಿ, ಗದ್ದೆ ಎಲ್ಲಾ ಕಡೆ ಅದ್ದಿ ನೋಡಿದರು. ಬಾವಿ ಸದ್ಯಕ್ಕೆ ಚೆನ್ನಾಗಿದೆ. ಕೆಳಗದ್ದೆಯಲ್ಲಿ ಪ್ರತಿ ವರ್ಷ ಉಪ್ಪು ಸ್ವಲ್ಪ ಸ್ವಲ್ಪ ಏರುತ್ತಿದೆ, ಉಪ್ಪು ತಡೆಯುವ ಭತ್ತ ಹುಡುಕಿಕೊಳ್ಳಿ ಎಂದರು. ನಿಮ್ಮ ಬೀಜದ ಬಗ್ಗೆ ಹೇಳಿದೆ. "ನಿಮ್ಮ ದೊಡ್ಡಪ್ಪ ಇಲ್ಲಿದ್ದಾಗ ನನ್ನನ್ನ ಬದು ಹತ್ತೋಕೂ ಬಿಡ್ತಿರಲಿಲ್ಲ" ಎಂದು ನಕ್ಕರು. ಒಳ್ಳೆಯವರು. ಕೆಸರಿಗೆ ಹೆದರುವುದಿಲ್ಲ.

ಸೋಮಾರಿ ಮೂಲೆಯಲ್ಲಿ ಕುಳ್ಳ ಭತ್ತ ಎದ್ದಿದೆ. ಮೊದಲ ಕಾಲಿನ ಆಪರೇಷನ್ ಯಾವಾಗ? ಅಕ್ಕನಿಗೆ ಬರೆಯಲು ಹೇಳಿ, ನೀವು ಬರೆದರೆ ನೋವೇ ಇಲ್ಲ ಎನ್ನುತ್ತೀರಿ.

ನಿಮ್ಮ ಮೊಂಡಿ

*

ಆಗಸ್ಟ್ 2

ಮೊಂಡಿ,

ಒಂದು ಕಾಲು ಹೊಸದಾಯಿತು. ನೋವೇ ಇಲ್ಲ.

ಮೇಡಂ ಬಂದರೆ ಕೂರಿಸಿ ಚಹಾ ಕೊಡು. ಅವರ ಮೀಟರು ಅವರ ಚೀಲದಲ್ಲಿರಲಿ. ನನ್ನ ಬೀಜ ನೆರೆ ನೋಡಿದೆ, ಹುಳ ನೋಡಿದೆ, ಮಳೆಯಿಲ್ಲದ ವರ್ಷವನ್ನೂ ನೋಡಿದೆ. ನಮ್ಮಪ್ಪ ಆರಿಸಿ ನಾನು ಆರಿಸಿ ಇಲ್ಲಿಯವರೆಗೆ ತಂದದ್ದು. ಅದಕ್ಕೆ ಇನ್ನೊಬ್ಬರು ಸರ್ಟಿಫಿಕೇಟು ಕೊಡಬೇಕಾಗಿಲ್ಲ.

ಸೋಮಾರಿ ಮೂಲೆ ಎದ್ದಿದೆ ಎಂದು ಬರೆದೆ, ಕೊಯ್ಯುತ್ತೇನೆ ಎಂದು ಬರೆಯಲಿಲ್ಲ. ನಿನ್ನ ಈ ಜಾಣತನ ನನಗೆ ಹೊಸದಲ್ಲ. ಹೂ ಬಿಡುವ ಮೊದಲೇ ಕೊಯ್ದರೆ ಇನ್ನೂ ಒಳ್ಳೆಯದು. ಕೊಯ್ದೆ ಎಂದು ಮುಂದಿನ ಕಾಗದದಲ್ಲಿ ಓದಬೇಕು.

ಇಲ್ಲಿ ಬೆಳಿಗ್ಗೆ ಬಾಲ್ಕನಿಯಿಂದ ಬಾಲ್ಕನಿಗೆ ಜನ ಬಟ್ಟೆ ಒಣಹಾಕುತ್ತಾರೆ. ನೋಡಲು ಬೇರೆ ಏನೂ ಇಲ್ಲ. ಗದ್ದೆಯ ಬಗ್ಗೆ ಉದ್ದಕ್ಕೆ ಬರಿ.

ದೊಡ್ಡಪ್ಪ

*

ಸೆಪ್ಟೆಂಬರ್ 28

ದೊಡ್ಡಪ್ಪ,

ಇಲ್ಲಿ ಎಲ್ಲ ಸರಿಯಾಗಿದೆ. ಮಳೆ ಚೆನ್ನಾಗಿದೆ. ಕೆಲಸ ಜಾಸ್ತಿ, ಅದಕ್ಕೇ ಬರೆಯಲಾಗಲಿಲ್ಲ. ಕಾಲು ಜೋಪಾನ.

ನಿಮ್ಮ ಮೊಂಡಿ

*

ಅಕ್ಟೋಬರ್ 20

ಮಗಳೇ,

ನಿನ್ನ ನಾಲ್ಕು ಸಾಲು ಬಂತು. ಕೆಲಸ ಇದ್ದಾಗ ಬರೆಯಬೇಡ, ಊಟ ಬಿಡಬೇಡ.

ಮನೆಯ ಬಾವಿಯ ನೀರು ಕುಡಿಯಲು ಸರಿಯಾಗಿದೆಯೇ? ಸುಮ್ಮನೆ ಕೇಳಿದೆ. ಸರಿಯಿಲ್ಲದಿದ್ದರೆ ಮೇಲಿನ ಕೇರಿಯಿಂದ ತರಿಸಿಕೋ.

ನಾನು ಬಾಲ್ಕನಿಯಲ್ಲಿ ಕುಂಡ ಇಟ್ಟಿದ್ದೇನೆ. ಹೊತ್ತು ಹೋಗಬೇಕಲ್ಲ. ನಿನ್ನ ಭಾವ ಖಾಲಿ ಬಣ್ಣದ ಡಬ್ಬಿಗಳಿಗೆ ತೂತು ಹಾಕಿ ಕೊಟ್ಟ. ಈ ಮನೆಯಲ್ಲಿ ಇದ್ದಕ್ಕಿದ್ದ ಹಾಗೆ ಅಡುಗೆ ಉಪ್ಪು ಬೇಗ ಖಾಲಿಯಾಗುತ್ತಿದೆ ಎಂದು ನಿನ್ನ ಅಕ್ಕನ ತಕರಾರು. ಕಾಲಿಗೆ ಉಪ್ಪುನೀರಿನ ಶಾಖ ಕೊಡುತ್ತಿದ್ದೇನೆ ಎಂದೆ. ನಂಬಿದಳು, ಪಾಪ.

ಸೋಮಾರಿ ಮೂಲೆಯನ್ನು ಕೊಯ್ದೆಯಾ ಎಂದು ಬರೆಯಲಿಲ್ಲ. ಕೊಯ್ದಿಲ್ಲದಿದ್ದರೆ ಅವಸರವೇನಿಲ್ಲ.

ದೊಡ್ಡಪ್ಪ

*

ನವೆಂಬರ್ 25
ಗದ್ದೆ ಮನೆ

ದೊಡ್ಡಪ್ಪ,

ಕೂತು ಓದಿ. ಅಕ್ಕ ಪಕ್ಕದಲ್ಲಿರಲಿ.

ಎಲ್ಲ ಸರಿಯಾಗಿದೆ ಎಂದು ಬರೆದದ್ದು ಸುಳ್ಳು. ಸೆಪ್ಟೆಂಬರಿನ ದೊಡ್ಡ ಉಬ್ಬರ ಮತ್ತು ಬಿರುಗಾಳಿ ಒಟ್ಟಿಗೆ ಬಂದವು. ಒಡ್ಡು ನಡುವೆ ಒಡೆಯಿತು. ಸಮುದ್ರ ನೇರವಾಗಿ ನಡುಗದ್ದೆಗೆ ನುಗ್ಗಿತು. ಭತ್ತ ಆಗ ಹಾಲು ತುಂಬುತ್ತಿತ್ತು. ನೀರು ಇಳಿಯುವಷ್ಟರಲ್ಲಿ ತೆನೆಗಳು ಬಿಳಿಚಿಕೊಂಡಿದ್ದವು. ಆಮೇಲೆ ಬಿಸಿಲು ಬಂತು, ಗದ್ದೆಯ ಮೇಲೆ ಉಪ್ಪು ಪುಡಿಪುಡಿಯಾಗಿ ಕಾಣಿಸಿತು. ಹುಲ್ಲನ್ನು ಹಸು ಕೂಡ ಮೂಸಿ ಬಿಟ್ಟಿತು.

ನಡುಗದ್ದೆಯಲ್ಲಿ ಒಂದು ಕಾಳಿಲ್ಲ, ನಮ್ಮ ಬೀಜ ಹಾಕಿದ ಸುತ್ತಲಿನವರ ಗದ್ದೆಗಳಲ್ಲೂ ಇಲ್ಲ. ಬುಟ್ಟಿ ಅಟ್ಟದ ಮೇಲೆ ಖಾಲಿ ತೂಗುತ್ತಿದೆ. ಅದನ್ನು ನೋಡಿಕೊಂಡು ನಿಮಗೆ ಹೇಗೆ ಬರೆಯಲಿ? ಹೊಸ ಮೊಣಕಾಲಿನಲ್ಲಿ ಮೆಟ್ಟಿಲಿಳಿದು ದೋಣಿ ಹತ್ತುತ್ತೀರಿ ಎಂದು ಹೆದರಿಕೆಯಾಯಿತು.

ಒಡ್ಡು ಒಡೆದ ಮೇಲೆ ಎಲ್ಲರೂ ಸೇರಿದರು. ಈಗ ಒಡ್ಡನ್ನು ಅಗಲ ಮಾಡಿ ಎತ್ತರಿಸುತ್ತಿದ್ದೇವೆ. ಅಲೆಯ ಪೆಟ್ಟು ನೇರವಾಗಿ ಬೀಳದ ಹಾಗೆ ಹೊರಗಡೆ ಜೊಂಡು ನೆಡುತ್ತಿದ್ದೇವೆ. ಇನ್ನೊಮ್ಮೆ ನೀರು ಒಳಗೆ ಬಂದರೆ ಬೇಗ ಹೊರಹೋಗಲಿ ಎಂದು ತೂಬನ್ನು ದೊಡ್ಡದು ಮಾಡಿದ್ದೇವೆ. ಅದಕ್ಕಾಗಿ ಸೋಮಾರಿ ಮೂಲೆಯ ಮೇಲೆ ಮಣ್ಣು ತುಂಬಬೇಕಾಯಿತು, ಆ ಮೂಲೆ ಇನ್ನಿಲ್ಲ. ಅಲ್ಲಿದ್ದ ಕುಳ್ಳ ಭತ್ತವನ್ನು ನೀವು ಹೇಳಿದ ಹಾಗೆ ಮೊದಲೇ ಕೊಯ್ದು ಬಾತುಗಳಿಗೆ ಹಾಕಿಬಿಟ್ಟೆ.

ಬೀಜ ಕೇಳಲು ಜನ ಬರುವ ಹೊತ್ತು. ಏನು ಹೇಳಲಿ?

ನಿಮ್ಮ ಮೊಂಡಿ

*

ಜನವರಿ 11

ಮಗಳೇ,

ನಿನ್ನ ತಪ್ಪು ಏನೂ ಇಲ್ಲ. ಇದನ್ನು ಎರಡು ಸಲ ಓದಿಕೋ.

ದೋಣಿ ಮೇಸ್ತ್ರಿಯ ಕೈಯಲ್ಲಿ ನನ್ನ ಡಬ್ಬಿ ಕಳಿಸಿದ್ದೇನೆ. ನಮ್ಮ ಭತ್ತದ ಬೀಜ ಇನ್ನು ಇಷ್ಟೇ. ಸ್ವಲ್ಪ ಕಡಿಮೆ ಇದೆ, ಯಾಕೆ ಎಂದು ಕೇಳಬೇಡ. ಒಳ್ಳೆಯ ಮಡಿಯಲ್ಲಿ ಬಿತ್ತು. ಬೇರೆಯವರಿಗೆ ಈ ವರ್ಷ ಕೊಡಲು ಆಗುವುದಿಲ್ಲ ಎಂದು ಹೇಳು. ಮೇಲಿನ ಗದ್ದೆಗಳಿಗೆ ಮೇಡಂ ಕೊಡುವ ಬೀಜ ಹಾಕಿಕೊಳ್ಳಲಿ. ಕೊಡುತ್ತಾರಾದರೆ ನೀನೂ ತೆಗೆದುಕೋ.

ಎರಡನೇ ಕಾಲಿನ ಆಪರೇಷನ್ ಮುಂದಿನ ವಾರ.

ದೊಡ್ಡಪ್ಪ

*

ಜೂನ್ 5
ಗದ್ದೆ ಮನೆ

ದೊಡ್ಡಪ್ಪನಿಗೆ ನಮಸ್ಕಾರ.

ಎರಡೂ ಕಾಲು ಹೊಸದಾದವು ಎಂದು ಅಕ್ಕ ಬರೆದಿದ್ದಾಳೆ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ನಡೆದು ಪಕ್ಕದ ಮನೆಯವರ ಚಪ್ಪಲಿ ಸಾಲಾಗಿ ಜೋಡಿಸಿ ಬರುತ್ತೀರಂತೆ. ಅವರಿಗೆ ಅಭ್ಯಾಸ ಕೆಡಿಸಬೇಡಿ.

ಈ ಸಲ ಮೊದಲ ಮಳೆಯ ನೀರನ್ನು ಗದ್ದೆಯಲ್ಲಿ ನಿಲ್ಲಿಸಿ, ಕಲಕಿ, ಇಳಿತದ ಹೊತ್ತಿಗೆ ತೂಬಿನಿಂದ ಹೊರಗೆ ಬಿಟ್ಟೆವು. ಹಾಗೆ ತೊಳೆದೂ ತೊಳೆದೂ ಉಪ್ಪು ಇಳಿದಿದೆ. ಪೂರ್ತಿ ಹೋಗಿಲ್ಲ. ಮೇಡಂ ಪ್ರತಿ ಸಲ ಮೀಟರು ಅದ್ದಿ ತಲೆ ಆಡಿಸುತ್ತಾರೆ. ಮೇಲಿನ ಗದ್ದೆಗೆ ಅವರು ಕೊಟ್ಟ ಬೇಗ ಬಲಿಯುವ ಭತ್ತ ಹಾಕಿದ್ದೇನೆ. ಕೆಳಗದ್ದೆಗೆ ಅದು ಆಗುವುದಿಲ್ಲ ಎಂದು ಅವರೇ ಹೇಳಿದರು.

ನಿಮ್ಮ ಡಬ್ಬಿಯ ಬೀಜವನ್ನು ನಿನ್ನೆ ಮಡಿಗೆ ಹಾಕಿದೆ. ಅಂಗಳದ ಒಳ್ಳೆಯ ಮಡಿ, ಬಾವಿಯ ಸಿಹಿನೀರು. ಕೆಳಗದ್ದೆಯಲ್ಲೇ ನಾಟಿ ಮಾಡುತ್ತೇನೆ. ನೀವು ಬಯಸುವುದೂ ಅದೇ ಅಲ್ಲವೇ, ಅದು ಅಲ್ಲಿಯದೇ ಭತ್ತ. ಒಂದು ಕಾಳೂ ಉಳಿಸಿಕೊಂಡಿಲ್ಲ. ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಮಾತು ನಡೆಸಿದ್ದೇನೆ.

ನಿಮ್ಮ ಮೊಂಡಿ

*

ಜೂನ್ 6
ನಾಲ್ಕನೇ ಮಹಡಿ

ಮಗಳೇ,

ಇದು ನಿನ್ನ ಕೈ ಸೇರುವ ಮೊದಲು ಬಿತ್ತದಿದ್ದರೆ ದಯವಿಟ್ಟು ಬಿತ್ತಬೇಡ.

ಒಡ್ಡು ಒಡೆದದ್ದು ನೀನು ಬರೆಯುವ ಮೊದಲೇ ನನಗೆ ಗೊತ್ತಿತ್ತು. ದೋಣಿ ಮೇಸ್ತ್ರಿ ನಾಲ್ಕು ಮಹಡಿ ಹತ್ತಿ ಬಂದು ಹೇಳಿದ. ನನಗೆ ಕೇಳಿಸಲಿ ಎಂದು ಅವನು ಕೂಗಿದ ಕೂಗಿಗೆ ಇಡೀ ಕಟ್ಟಡಕ್ಕೆ ನಮ್ಮ ಗದ್ದೆಯ ಸುದ್ದಿ ಗೊತ್ತಾಯಿತು. ಗೊತ್ತಿದೆ ಎಂದು ನಾನು ಬರೆಯಲಿಲ್ಲ. ನೀನಾಗಿ ಹೇಳಲಿ ಎಂದು ಕಾದೆ.

ಅವತ್ತೇ ಡಬ್ಬಿಯಿಂದ ಒಂದು ಹಿಡಿ ಬೀಜ ತೆಗೆದು ಕುಂಡಗಳಿಗೆ ಹಾಕಿದೆ. ಒಂದಕ್ಕೆ ನಲ್ಲಿ ನೀರು. ಉಳಿದವಕ್ಕೆ ಉಪ್ಪು ಬೆರೆಸಿದ ನೀರು, ಒಂದಕ್ಕಿಂತ ಒಂದಕ್ಕೆ ಹೆಚ್ಚು. ನಲ್ಲಿ ನೀರಿನದ್ದು ಎದ್ದು ನಿಂತಿತು, ನೋಡಲು ಎಷ್ಟು ಚಂದ, ಅದರ ಕಾಳನ್ನು ಮಾತ್ರ ಪಾರಿವಾಳಗಳು ಒಂದೂ ಬಿಡದೆ ತಿಂದವು. ಉಪ್ಪಿನ ಕುಂಡಗಳಲ್ಲಿ ಎಲೆಯ ತುದಿ ಸುಟ್ಟಿತು, ಆಮೇಲೆ ಇಡೀ ಎಲೆ, ಆಮೇಲೆ ಗಿಡ. ಮತ್ತೊಂದು ಸಲ ಹಾಕಿದೆ. ಮತ್ತೆ ಅದೇ. ಸ್ವಲ್ಪ ಉಪ್ಪಿನದ್ದೂ ತೆನೆ ಬಿಡಲಿಲ್ಲ. ನನ್ನ ಬೀಜ ಎಲ್ಲವನ್ನೂ ನೋಡಿದೆ ಎಂದು ಬರೆದಿದ್ದೆನಲ್ಲ. ಅದು ಇದನ್ನು ನೋಡಿರಲಿಲ್ಲ. ಒಳ್ಳೆಯ ಜಾಗದ ಒಳ್ಳೆಯ ತೆನೆಯನ್ನೇ ಆರಿಸಿ ಆರಿಸಿ, ಕಷ್ಟ ಎಂದರೆ ಏನೆಂದು ಗೊತ್ತಿಲ್ಲದ ಭತ್ತ ಮಾಡಿಟ್ಟಿದ್ದೇನೆ.

ಆಗ ಸೋಮಾರಿ ಮೂಲೆ ನೆನಪಾಯಿತು. ನನಗೆ ಬುದ್ಧಿ ತಿಳಿದಾಗಿನಿಂದ ಅಲ್ಲಿ ಉಪ್ಪು ಜಿನುಗುತ್ತಿದೆ, ಆ ಕುಳ್ಳ ಭತ್ತ ಅದನ್ನೇ ಕುಡಿದು ಬೆಳೆದಿದೆ. ಅದಕ್ಕೇ ಅಕ್ಟೋಬರಿನಲ್ಲಿ ಅವಸರವಿಲ್ಲ ಎಂದು ಬರೆದೆ. ಉಳಿಸು ಎಂದು ನೇರವಾಗಿ ಬರೆಯಲು ಕೈ ಬರಲಿಲ್ಲ. ಇಷ್ಟು ವರ್ಷ ಬೈದ ಬಾಯಿ. ಕೊಯ್ದು ಬಾತುಗಳಿಗೆ ಹಾಕಿದೆ ಎಂದು ನೀನು ಬರೆದ ದಿನ ನಾನು ಊಟ ಮಾಡಲಿಲ್ಲ. ನೀನು ನನ್ನ ಮಾತು ಕೇಳಿದ್ದು ಅದೊಂದೇ ಸಲ, ಅದೂ ಆ ಮಾತು.

ಆಮೇಲೆ ಕೊಡಲು ನನ್ನ ಹತ್ತಿರ ಆ ಡಬ್ಬಿ ಬಿಟ್ಟು ಬೇರೇನೂ ಇರಲಿಲ್ಲ. ಇದೂ ಸಾಯುತ್ತದೆ ಎಂದು ಬರೆದರೆ ನೀನು ಕೈಚೆಲ್ಲಿ ಕೂರುತ್ತೀಯ ಎಂದು ಸುಮ್ಮನೆ ಕಳಿಸಿದೆ. ಮಳೆ ಬಂದು ಉಪ್ಪು ತೊಳೆದು ಹೋದರೂ ಹೋಗಬಹುದು ಎಂದು ಆಸೆ. ಈಗ ಕೊನೆಯ ಕುಂಡವೂ ಒಣಗಿತು.

ಒಂದು ಕೆಲಸ ಮಾಡು. ಬಾತುಗಳ ಅಂಗಳ ನೋಡು, ಅವು ಚೆಲ್ಲಿ ತಿನ್ನುವ ಜಾತಿ. ಹೊಸ ಒಡ್ಡಿನ ಬುಡ ನೋಡು, ಮಣ್ಣಿನ ಅಂಚಿನಲ್ಲಿ ಎಲ್ಲಾದರೂ ಮೀಸೆಯ ಭತ್ತ ತಲೆ ಎತ್ತಿದೆಯೇ ಎಂದು. ಒಂದು ಬುಡ ಸಿಕ್ಕಿದರೂ ಸಾಕು. ನಾನಿದ್ದಿದ್ದರೆ ಮೊಣಕಾಲೂರಿ ಹುಡುಕುತ್ತಿದ್ದೆ. ಡಾಕ್ಟರು ಏನಾದರೂ ಹೇಳಲಿ, ಇವನ್ನು ಹಾಕಿಸಿಕೊಂಡದ್ದೇ ಅದಕ್ಕೆ.

ದೊಡ್ಡಪ್ಪ

*

ಜೂನ್ 14
ಗದ್ದೆ ಮನೆ

ದೊಡ್ಡಪ್ಪ,

ನಮ್ಮ ಕಾಗದಗಳು ದಾರಿಯಲ್ಲಿ ಒಂದಕ್ಕೊಂದು ಎದುರಾದವು. ನಿಮ್ಮದು ಬರುವಷ್ಟರಲ್ಲಿ ಡಬ್ಬಿಯ ಬೀಜ ಮೊಳೆತಿತ್ತು.

ನಿಮ್ಮ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಅಡುಗೆ ಮನೆಯ ನೆಲದ ಮೇಲೆ ಕೂತು ಅತ್ತೆ. ದೊಡ್ಡಪ್ಪ, ಬಾತುಗಳಿಗೆ ಹಾಕಲಿಲ್ಲ. ನಾನು ಯಾವತ್ತು ನಿಮ್ಮ ಮಾತು ಕೇಳಿದ್ದೇನೆ?

ನೀರು ಇಳಿದ ಮೇಲೆ ಒಡ್ಡಿನ ಮೇಲೆ ನಿಂತು ನೋಡಿದರೆ ಇಡೀ ಗದ್ದೆ ಬಿಳಿ, ಆ ಮೂಲೆ ಒಂದೇ ಹಸಿರು. ಕಾಳು ಬಲಿಯುವವರೆಗೆ ಕಾದೆ. ಮಣ್ಣು ಹಾಕುವ ಹಿಂದಿನ ದಿನ ತೆನೆಯ ಕೆಳಗೆ ಬಟ್ಟೆ ಹಿಡಿದು, ಉದುರಿದ್ದನ್ನೆಲ್ಲ ಹಿಡಿದುಕೊಂಡೆ. ದಿಂಬಿನ ಚೀಲದಲ್ಲಿ ತುಂಬಿ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ನಿಮ್ಮ ಬುಟ್ಟಿಗೆ ಹಾಕಲಿಲ್ಲ. ಅಷ್ಟು ಧೈರ್ಯ ಬರಲಿಲ್ಲ.

ಯಾಕೆ ಹೇಳಲಿಲ್ಲ ಎಂದರೆ, ನಿಮ್ಮ ಭತ್ತವೆಲ್ಲ ಸತ್ತಿತು ಎಂದು ಬರೆದ ಕಾಗದದಲ್ಲೇ ನೀವು ಬೈಯುವ ಭತ್ತ ಬದುಕಿದೆ ಎಂದು ಹೇಗೆ ಬರೆಯಲಿ? ಗಾಯಕ್ಕೆ ಉಪ್ಪು ಹಚ್ಚಿದ ಹಾಗಾಗುತ್ತದೆ ಎಂದುಕೊಂಡೆ. ನೀವು ಆ ಹೊತ್ತಿಗೆ ಅಕ್ಕನ ಉಪ್ಪನ್ನೆಲ್ಲ ಕುಂಡಕ್ಕೆ ಸುರಿಯುತ್ತಿದ್ದಿರಿ. ಡಬ್ಬಿ ಬಂದಾಗ ನಿಮ್ಮದನ್ನೇ ಬಿತ್ತಬೇಕೆಂಬ ಹಟ ಎಂದುಕೊಂಡೆ. ಅದಕ್ಕೇ ಒಳ್ಳೆಯ ಮಡಿಯನ್ನು ಅದಕ್ಕೆ ಕೊಟ್ಟು, ಕುಳ್ಳ ಭತ್ತವನ್ನು ಕೊಟ್ಟಿಗೆಯ ಹಿಂದೆ ಕದ್ದು ಬಿತ್ತಿದೆ. ಈಗ ಎರಡೂ ಎದ್ದಿವೆ. ಎರಡನ್ನೂ ಕೆಳಗದ್ದೆಯಲ್ಲಿ ಅಕ್ಕಪಕ್ಕ ನಾಟಿ ಮಾಡುತ್ತೇನೆ. ನಿಮ್ಮದನ್ನು ಮೇಲಿನ ಗದ್ದೆಗೆ ಹಾಕೋಣವೆಂದರೆ ಅಲ್ಲಿ ಒಂದು ಚೂರೂ ಜಾಗ ಉಳಿದಿಲ್ಲ, ಮೇಡಂ ಕೊಟ್ಟ ಭತ್ತ ಆಗಲೇ ಬೇರು ಬಿಟ್ಟಿದೆ. ನಿಮ್ಮ ಕಾಗದ ಎರಡು ವಾರ ಮೊದಲು ಬಂದಿದ್ದರೆ ಜಾಗ ಇಟ್ಟಿರುತ್ತಿದ್ದೆ.

ನಿಮ್ಮ ಮೊಂಡಿ

*

ಅಕ್ಟೋಬರ್ 3
ಗದ್ದೆ ಮನೆ

ದೊಡ್ಡಪ್ಪನಿಗೆ ನಮಸ್ಕಾರ.

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಿಮ್ಮ ಡಬ್ಬಿಯ ಭತ್ತ ಉಳಿಯಲಿಲ್ಲ. ಆಗಸ್ಟಿನಲ್ಲಿ ಮಳೆ ಬಿಟ್ಟಾಗ ಕೆಳಗಿನ ಉಪ್ಪು ಮೇಲೆದ್ದಿತು. ಬಾವಿಯಿಂದ ಪಂಪು ಹಾಕಿ ಸಿಹಿನೀರು ಬಿಟ್ಟೆ, ಬಾವಿ ತಳ ಕಾಣುವವರೆಗೆ ಬಿಟ್ಟೆ, ಅಂಗಳದ ಮಡಿಯಲ್ಲಿ ಉಳಿಸಿದ್ದ ನಾಲ್ಕು ಬುಡಗಳೂ ನೀರಿಲ್ಲದೆ ಒಣಗಿದವು. ಎಲೆಯ ತುದಿ ಸುಟ್ಟಿತು. ಮುಂದಿನದು ನೀವು ಕುಂಡದಲ್ಲಿ ನೋಡಿದ್ದೀರಿ. ಕೆಲವು ಗಿಡ ಹೂ ಬಿಟ್ಟವು, ಒಳಗೆ ಕಾಳಿಲ್ಲ. ಹಿಚುಕಿ ಹಿಚುಕಿ ನೋಡಿದೆ, ಎಲ್ಲವೂ ಜೊಳ್ಳು.

ಕುಳ್ಳ ಭತ್ತ ನಿಂತಿದೆ. ಸೊಂಪಾಗಿದೆ ಎನ್ನಲಾರೆ. ಎತ್ತರ ಒಂದಿಲ್ಲ, ಕೆಲವು ಬೇಗ, ಕೆಲವು ತಡ, ಮುಟ್ಟಿದರೆ ಉದುರುವ ಬುದ್ಧಿ ಬಿಟ್ಟಿಲ್ಲ. ಆದರೆ ಕೆಲವು ಬುಡಗಳ ತೆನೆ ಉದ್ದ ಇದೆ, ಕಾಳು ಸ್ವಲ್ಪ ಗಟ್ಟಿಯಾಗಿ ಕಚ್ಚಿಕೊಂಡಿದೆ. ಮೇಡಂ ಬದುವಿನ ಮೇಲೆ ಕೂತು ಬಹಳ ಹೊತ್ತು ನೋಡಿದರು. ಹೀಗೆ ಉದುರದೆ ಉಳಿದದ್ದನ್ನು ಆರಿಸುತ್ತಾ ಹೋದರೆ ಕೆಲವು ವರ್ಷಗಳಲ್ಲಿ ಒಳ್ಳೆಯ ಭತ್ತ ಆಗುತ್ತದೆ, ಆರಿಸಲು ಬಲ್ಲವರು ಬೇಕು ಎಂದರು. "ಅಂಥವರು ನಾಲ್ಕನೇ ಮಹಡಿಯಲ್ಲಿ ಚಪ್ಪಲಿ ಜೋಡಿಸ್ತಾ ಇದಾರೆ" ಎಂದೆ.

ಇನ್ನೊಂದು ಮಾತು. ಆ ಮೂಲೆಯ ಭತ್ತ ಎಲ್ಲಿಂದ ಬಂತು ಎಂದು ನಾವು ಯಾರೂ ಯೋಚಿಸಿರಲಿಲ್ಲ. ಹಳೆಯ ಕಾಲುದಾರಿ ನೆನಪು ಮಾಡಿಕೊಳ್ಳಿ. ನಡುಗದ್ದೆಯ ಹೊರೆಗಳನ್ನು ತಲೆಯ ಮೇಲೆ ಹೊತ್ತು ಕಣಕ್ಕೆ ಹೋಗುತ್ತಿದ್ದದ್ದು ಆ ಮೂಲೆಯ ಮೇಲೇ ಅಲ್ಲವೇ? ತೂಬಿನ ಹತ್ತಿರ ಎಲ್ಲರೂ ಹೊರೆ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದರು. ಅಲ್ಲಿ ಉದುರಿದ್ದೇ ಅಲ್ಲಿ ಹುಟ್ಟಿತು. ಮೇಡಂಗೆ ಹೇಳಿದಾಗ ಇರಬಹುದು ಎಂದರು. ಅದು ಹೊರಗಿನದ್ದಲ್ಲ, ದೊಡ್ಡಪ್ಪ. ನಿಮ್ಮದೇ, ನಿಮ್ಮ ಅಪ್ಪನದೇ. ನೀವು ಆರಿಸಿದ್ದಲ್ಲ, ಚೆಲ್ಲಿದ್ದು.

ಡಬ್ಬಿಯನ್ನು ತೊಳೆದಿಲ್ಲ. ಒಳಗೆ ಇನ್ನೂ ಆ ಭತ್ತದ ವಾಸನೆ ಇದೆ.

ಬೀಜದ ತೆನೆ ಆರಿಸುವ ಹೊತ್ತು ಹತ್ತಿರ ಬಂತು. ಬೀಜ ಕೇಳಲು ಜನ ಈಗಲೇ ಬಂದು ಬದುವಿನ ಮೇಲೆ ನಿಂತು ನೋಡಿ ಹೋಗುತ್ತಿದ್ದಾರೆ. ನಡುಗದ್ದೆಯ ನಿಯಮವೆಲ್ಲ ಇದಕ್ಕೆ ಹೊಂದುವುದಿಲ್ಲ. ಯಾವುದು ಇಟ್ಟುಕೊಳ್ಳುವುದು, ಯಾವುದು ಬಿಡುವುದು ಎಂದು ನನಗೆ ಒಬ್ಬಳಿಗೇ ಹೆದರಿಕೆ.

ನಿಮ್ಮ ಮೊಂಡಿ

*

ಅಕ್ಟೋಬರ್ 16
ನಾಲ್ಕನೇ ಮಹಡಿ

ಮಗಳೇ,

ಡಬ್ಬಿಯ ಭತ್ತ ಹೋಯಿತು ಎಂದು ಓದಿ ಕಾಗದ ಮಡಿಸಿಟ್ಟೆ. ಅವತ್ತು ಮುಂದೆ ಓದಲಾಗಲಿಲ್ಲ. ಹೋಗುತ್ತದೆ ಎಂದು ನನಗಿಂತ ಮೊದಲು ತಿಳಿದವರು ಯಾರೂ ಇರಲಿಲ್ಲ, ಆದರೂ ದುಃಖವಾಯಿತು. ನಮ್ಮಪ್ಪನ ಕೈ ದಾಟಿ ನನ್ನ ಕೈಗೆ ಬಂದದ್ದು ಅದು. ನಿನ್ನ ಅಕ್ಕ ಯಂತ್ರ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತಳು.

ಉಳಿದದ್ದನ್ನು ಮಾರನೆಯ ದಿನ ಓದಿದೆ. ಚೆಲ್ಲಿದ್ದು ಎಂಬ ಮಾತಿಗೆ ಮೊದಲು ಕೋಪ ಬಂತು. ಆಮೇಲೆ ಆ ಕಾಲುದಾರಿ ಕಣ್ಣ ಮುಂದೆ ಬಂತು. ತೂಬಿನ ಹತ್ತಿರ ಹೊರೆ ಇಳಿಸಿ ನೀರು ಕುಡಿಯುತ್ತಿದ್ದವರಲ್ಲಿ ನಾನೇ ಮೊದಲಿಗ. ಅಪ್ಪ ಪ್ರತಿ ಸಲ ಬೈಯುತ್ತಿದ್ದರು, ಅಲ್ಲಿ ಇಳಿಸಬೇಡವೋ ಕಾಳು ಉದುರುತ್ತದೆ ಎಂದು. ಸೋಮಾರಿ ಎಂದು ಅವರು ಮೊದಲು ಕರೆದದ್ದು ಮೂಲೆಯನ್ನಲ್ಲ, ನನ್ನನ್ನು. ಇದನ್ನು ಯಾರಿಗೂ ಹೇಳಬೇಡ.

ಮುಂದಿನ ದೋಣಿಗೆ ಬರುತ್ತಿದ್ದೇನೆ. ಡಾಕ್ಟರು ನಡೆಯಬಹುದು ಎಂದರು, ಮೊಣಕಾಲೂರಕೂಡದು ಎಂದರು. ಈ ಸಲ ಚೆನ್ನಾಗಿ ಕೇಳಿಸಿತು, ಬರೆದು ಕೊಟ್ಟರು. ನಿನ್ನ ಅಕ್ಕ ಒಂದು ಮಡಚುವ ಕುರ್ಚಿ ಕಟ್ಟಿಕೊಟ್ಟಿದ್ದಾಳೆ. ಅವಳ ಅಡುಗೆ ಮನೆಯಲ್ಲಿ ಇನ್ನು ಮೇಲೆ ಉಪ್ಪು ಉಪ್ಪಿನ ಡಬ್ಬಿಯಲ್ಲೇ ಇರುತ್ತದೆ ಎಂದು ಸಮಾಧಾನಪಟ್ಟಳು.

ಅಟ್ಟದಿಂದ ಬುಟ್ಟಿ ಇಳಿಸಿ ಬಿಸಿಲಿಗಿಡು. ಒಂದು ವರ್ಷ ಖಾಲಿ ತೂಗಿದೆ, ಹುಳ ಹತ್ತಿರಬಹುದು. ಉದುರುವ ಭತ್ತ, ಅದಕ್ಕೆ ಒಳಗೊಂದು ಬಟ್ಟೆ ಹಾಸು. ಯಾವ ತೆನೆ ಆರಿಸಬೇಕು ಎಂದು ಕೇಳಿದ್ದೀಯ. ಆ ಭತ್ತವನ್ನು ನಾನು ಬೈದಿದ್ದೇನೆಯೇ ಹೊರತು ಒಂದು ದಿನವೂ ಹತ್ತಿರ ಹೋಗಿ ನೋಡಿಲ್ಲ. ನೋಡಿದವಳು ನೀನು, ಅದಕ್ಕೇ ನೀನು ಮುಂದೆ ನಡೆ. ನಾನು ಬುಟ್ಟಿ ಹಿಡಿದು ಹಿಂದೆ ಬರುತ್ತೇನೆ.

ಬುಟ್ಟಿ ಹಿಡಿದವರು ಬಾಯಿ ಬಿಡಬಾರದು ಎಂಬ ನಿಯಮ ನೆನಪಿದೆ. ಪ್ರಯತ್ನ ಮಾಡುತ್ತೇನೆ.

ದೊಡ್ಡಪ್ಪ